ಅಪ್ಪಲಸ್ವಾಮಿಯ ಕುರ್ಚಿಯಲ್ಲಿ ಪೆನಿಯಾಸಿ

ನೌಸೋರಿ ಪಟ್ಟಣದ ಪೆನಿಯಾಸಿ ತನ್ನ ಜೀವಮಾನದಲ್ಲಿ ಒಂದೇ ಒಂದು ಸಲ ಶ್ರೀಮಂತನಾಗಿದ್ದ. ಅದು ಒಂದು ಭಾನುವಾರ, ಚರ್ಚಿನಿಂದ ಬಂದ ಮೇಲೆ, ಊಟಕ್ಕೆ ಮುಂಚೆ. ಆ ಸಿರಿತನ ಹಿರಿಯರಿಂದ ಬಂದದ್ದಲ್ಲ, ಲಾಟರಿ ಹೊಡೆದು ಬಂದದ್ದೂ ಅಲ್ಲ. ಪಕ್ಕದ ಮನೆಯ ಅಪ್ಪಲಸ್ವಾಮಿಯವರ ಬೆತ್ತದ ಕುರ್ಚಿಯಲ್ಲಿ ಕೂತದ್ದರಿಂದ ಬಂದದ್ದು.

ಪೆನಿಯಾಸಿ ನೀರಿನ ಕಚೇರಿಯಲ್ಲಿ ಮೀಟರು ಓದುವವನು. ಊರಿನ ನಾಯಿಗಳೆಲ್ಲ ಅವನನ್ನು ಬಲ್ಲವು, ಮನುಷ್ಯರು ಮಾತ್ರ ಬಿಲ್ಲು ಹೆಚ್ಚಾದಾಗ ಗುರುತು ಹಿಡಿಯುತ್ತಿದ್ದರು. ಅಪ್ಪಲಸ್ವಾಮಿ ನಿವೃತ್ತ ಹೆಡ್‌ಮಾಸ್ಟರು. ಮಗಳ ಮದುವೆಗೆಂದು ಸಂಸಾರ ಸಮೇತ ಆಕ್ಲೆಂಡಿಗೆ ಹೊರಟಾಗ ಬೀಗದ ಕೈಯನ್ನು ಪೆನಿಯಾಸಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸಿದರು.

"ಗಿಡಕ್ಕೆ ನೀರು ಹಾಕು. ಸಂಜೆ ದೀಪ ಹಾಕು. ವರಾಂಡದಲ್ಲಿರೋ ಇಂಜಿನ್ ಮೇಲೆ ಒಂದು ಕಣ್ಣಿರಲಿ. ಮುಖ್ಯವಾಗಿ, ಮನೆ ಖಾಲಿ ಇದೆ ಅಂತ ಯಾರ ಹತ್ತಿರಾನೂ ಬಾಯಿ ಬಿಡಬೇಡಪ್ಪ."

"ದೇವರಾಣೆ ಬಿಡಲ್ಲ ಮಾಸ್ಟ್ರೇ," ಎಂದ ಪೆನಿಯಾಸಿ.

ಆ ಇಂಜಿನ್ ದೋಣಿಯದು. ನಿವೃತ್ತಿಯ ದುಡ್ಡಿನಲ್ಲಿ ಕೊಂಡದ್ದು. ಇನ್ನೂ ನೀರು ಕಂಡಿರಲಿಲ್ಲ. ಅಪ್ಪಲಸ್ವಾಮಿ ದಿನಾ ಬೆಳಿಗ್ಗೆ ಅದನ್ನು ಹತ್ತಿಬಟ್ಟೆಯಿಂದ ಒರೆಸಿ, ರೇವಾ ನದಿಯ ಕಡೆ ಒಮ್ಮೆ ನೋಡಿ, "ನಾಳೆ," ಎನ್ನುತ್ತಿದ್ದರು. ಹೆಂಡತಿಗೂ ಅವರು ಅಷ್ಟು ಮೃದುವಾಗಿ ಮಾತಾಡಿದ್ದನ್ನು ಬೀದಿಯವರು ಕೇಳಿರಲಿಲ್ಲ.

ಪೆನಿಯಾಸಿ ಮಾತಿಗೆ ತಪ್ಪಿದನೆಂದು ಯಾರೂ ಹೇಳುವಂತಿಲ್ಲ. ಮನೆ ಖಾಲಿ ಇದೆಯೆಂದು ಅವನು ಒಬ್ಬರಿಗೂ ಹೇಳಲಿಲ್ಲ. ಅದು ತನ್ನದೆಂದು ಲೋಕಕ್ಕೆಲ್ಲ ಸಾರಿದ, ಅಷ್ಟೇ.

ಇದಕ್ಕೆ ಕಾರಣ ಬ್ರಿಸ್ಬೇನಿನ ವಿಲಿಯಾಮೆ. ಶಾಲೆಯಲ್ಲಿ ಪೆನಿಯಾಸಿಯ ಪಕ್ಕದಲ್ಲಿ ಕೂತು, ಅವನ ಲೆಕ್ಕ ನೋಡಿ ಬರೆದು, ಅವನಿಗಿಂತ ಹೆಚ್ಚು ಅಂಕ ಪಡೆದವನು. ಈಗ ಜಾಲತಾಣದಲ್ಲಿ ಹಳೆಯ ಸಹಪಾಠಿಗಳ ಗುಂಪು ಕಟ್ಟಿಕೊಂಡು, ವಾರಕ್ಕೊಮ್ಮೆ ತನ್ನ ಎಮ್ಮೆ ಗಾತ್ರದ ಗಾಡಿಗೆ ಒರಗಿ ನಿಂತ ಫೋಟೋ ಹಾಕುತ್ತಿದ್ದ. ಆ ಭಾನುವಾರ ಫೋಟೋದ ಕೆಳಗೆ ಒಂದು ಸಾಲನ್ನೂ ಬರೆದಿದ್ದ: "ಪೆನಿಯಾಸಿ, ಇನ್ನೂ ಮೀಟರ್ ಓದ್ತಾ ಇದ್ದೀಯೇನೋ?" ಅದರ ಕೆಳಗೆ ಹಲ್ಲು ಕಿರಿಯುವ ಹಳದಿ ಮುಖಗಳ ಸಾಲು.

ಪೆನಿಯಾಸಿ ಗಿಡಕ್ಕೆ ನೀರು ಹಾಕಲು ಹೋದ. ನೀರು ಹಾಕಿದ. ಕುರ್ಚಿಯನ್ನು ನೋಡಿದ. ಕುರ್ಚಿಯೂ ಅವನನ್ನು ನೋಡಿದಂತಾಯಿತು. ಮೊಬೈಲನ್ನು ಹೂಕುಂಡಕ್ಕೆ ಒರಗಿಸಿ, ಓಡಿ ಬಂದು ಕುರ್ಚಿಯಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಒಂದು ಕೈಯನ್ನು ಇಂಜಿನ್ ಮೇಲೆ ಮಗನ ಹೆಗಲ ಮೇಲಿಟ್ಟಂತೆ ಇಟ್ಟ. ಫೋಟೋ ಬಂತು. ಕೆಳಗೆ ಬರೆದ: "ಹೊಸ ಮನೆ, ಹೊಸ ಇಂಜಿನ್. ದೇವರು ದೊಡ್ಡವನು." ಇದನ್ನು ಯಾರು ನೋಡಬಹುದು ಎಂದು ಮೊಬೈಲು ವಿನಯದಿಂದ ಕೇಳಿತು. 'ಗೆಳೆಯರು ಮಾತ್ರ' ಎಂಬುದು ಪೆನಿಯಾಸಿಗೆ ಜಿಪುಣತನವೆನಿಸಿತು. 'ಎಲ್ಲರೂ' ಎಂದು ಒತ್ತಿದ. ಜಾಗದ ಗುರುತು ಹಾಕಲೇ ಎಂದು ಮತ್ತೆ ಕೇಳಿತು. ಇಷ್ಟು ಕಾಳಜಿಯಿಂದ ಅವನನ್ನು ಈವರೆಗೆ ಯಾರೂ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಅದಕ್ಕೂ ಹೂಂ ಎಂದ.

ಊಟ ಮುಗಿಯುವಷ್ಟರಲ್ಲಿ ಪೆನಿಯಾಸಿ ಪ್ರಸಿದ್ಧನಾಗಿದ್ದ. ವಿಲಿಯಾಮೆ ಮೌನವಾಗಿದ್ದ, ಅದೇ ದೊಡ್ಡ ಬಹುಮಾನ. ಕಪ್ಪು ಕನ್ನಡಕ ಹಾಕಿದ ಒಬ್ಬ ಅಪರಿಚಿತ ತುಂಬ ಆಸಕ್ತಿಯಿಂದ ಸಂದೇಶ ಕಳಿಸಿದ. ಇಂಜಿನ್ ಎಷ್ಟು ಭಾರ ಇರಬಹುದು ಸಾರ್? ಇಬ್ಬರು ಎತ್ತಬಹುದು, ಎಂದು ಬರೆದ ಪೆನಿಯಾಸಿ. ವರಾಂಡಕ್ಕೆ ಕಂಬಿ ಹಾಕಿಸಿದ್ದೀರಾ? ಗಾಳಿ ಬರಲೆಂದು ಹಾಕಿಸಿಲ್ಲ. ನೋಡಲು ಬಂದರೆ ಸಿಗುತ್ತೀರಾ? ಸಂಜೆ ಐದರವರೆಗೆ ಕೆಲಸದಲ್ಲಿರುತ್ತೇನೆ, ಆಮೇಲೆ ಬನ್ನಿ. ಜ್ಞಾನದಾಹಿಗಳನ್ನು ನಿರಾಶೆಗೊಳಿಸುವುದು ಪೆನಿಯಾಸಿಯ ಜಾಯಮಾನವಲ್ಲ.

ಹೆಂಡತಿ ವಸಿತಿಗೆ ಇದು ತಿಳಿದದ್ದು ಸುವಾದ ಹಾಸ್ಟೆಲಿನಲ್ಲಿದ್ದ ಮಗಳು ಕೆಲೆರಾ ಫೋನು ಮಾಡಿದಾಗ.

"ಅಮ್ಮಾ, ಅಪ್ಪ ಏನು ಮಾಡಿದ್ದಾರೆ ನೋಡಿದ್ಯಾ? ಫೋನಿನ ನಕ್ಷೆಯಲ್ಲಿ ಮನೆಯ ಜಾಗಕ್ಕೇ ಗುಂಡುಸೂಜಿ ಚುಚ್ಚಿ ತೋರಿಸಿದ್ದಾರೆ! ಯಾರು ಬೇಕಾದ್ರೂ ಕಣ್ಣು ಮುಚ್ಕೊಂಡು ಬರಬಹುದು. ತೆಗೆಯೋಕೆ ಹೇಳು!"

ವಸಿತಿ ಗಂಡನ ಕಡೆ ತಿರುಗಿದಳು. "ಕೆಲೆರಾನ ಅಪ್ಪಾ, ತೆಗೀರಿ ಅದನ್ನ."

"ನಾಳೆ ತೆಗೀತೀನಿ. ವಿಲಿಯಾಮೆ ಇನ್ನೂ ನೋಡಿಲ್ಲ ಅನ್ಸುತ್ತೆ."

ವಿಲಿಯಾಮೆ ನೋಡಿದನೋ ಇಲ್ಲವೋ, ಕಡವು ದ್ವೀಪದಲ್ಲಿ ತೊಮಾಸಿ ಮಾವ ನೋಡಿದ್ದರು.

ತೊಮಾಸಿ ಪೆನಿಯಾಸಿಯ ತಾಯಿಯ ಒಡಹುಟ್ಟಿದ ಅಣ್ಣ. ನಮ್ಮಲ್ಲಿ ಸೋದರಮಾವನ ಮನೆಯೆಂದರೆ ಸೋದರಳಿಯನಿಗೆ ಬಾಗಿಲಿಲ್ಲದ ಉಗ್ರಾಣ. ಕಂಡದ್ದನ್ನು ಎತ್ತಿಕೊಂಡು ಹೋಗಬಹುದು, ಮಾವ ಚಕಾರವೆತ್ತುವಂತಿಲ್ಲ. ಪೆನಿಯಾಸಿ ಎಳೆಯನಾಗಿದ್ದಾಗ ಈ ಹಕ್ಕನ್ನು ಸ್ವಲ್ಪವೂ ಸಂಕೋಚವಿಲ್ಲದೆ ಚಲಾಯಿಸಿದ್ದ. ಮಾವನ ಹಂದಿ, ಮಾವನ ಬಲೆ, ಒಮ್ಮೆ ಮಾವ ಹಾಕಿಕೊಂಡಿದ್ದ ಅಂಗಿ. ಅಂಥ ಮಾವ ಈಗ ಬಾಯಿಬಿಟ್ಟು ಕೇಳಿದರೆ ಇಲ್ಲವೆನ್ನುವುದಕ್ಕೆ ನಾಲಿಗೆಯಲ್ಲಿ ಮೂಳೆ ಬೇಕು.

ಮಾರನೆಯ ದಿನ ಕೆಲಸದಿಂದ ಬಂದ ಪೆನಿಯಾಸಿಗೆ ಅಪ್ಪಲಸ್ವಾಮಿಯವರ ವರಾಂಡದಲ್ಲಿ ಒಂದು ಊರೇ ಕಂಡಿತು. ಹಡಗಿನಿಂದ ಇಳಿದು, ಬಸ್ಸು ಹಿಡಿದು, ಗುಂಡುಸೂಜಿಯ ಜಾಡು ಹಿಡಿದು ಬಂದವರು. ಚಾಪೆ ಹಾಸಿತ್ತು. ಕೆಸುವಿನ ಗೆಡ್ಡೆಯ ಮೂಟೆ ಇತ್ತು. ಬೆತ್ತದ ಕುರ್ಚಿಯಲ್ಲಿ ತೊಮಾಸಿ ಮಾವ ಕೂತಿದ್ದರು. ಮಕ್ಕಳು ಇಂಜಿನ್ನನ್ನು ಕುದುರೆ ಮಾಡಿಕೊಂಡಿದ್ದವು.

"ಬುಲಾ ಅಳಿಯಾ! ಮನೆಗೆ ಬೀಗ ಹಾಕಿದ್ದೀಯಲ್ಲೋ. ನಾವು ಬರ್ತೀವಿ ಅಂತ ಗೊತ್ತಾಗಿ ಹಾಕಿದ್ಯೋ ಹೇಗೆ?"

"ಇ... ಇಲ್ಲ ಮಾವ. ಮರೆತು ಹಾಕಿಬಿಟ್ಟೆ," ಎಂದು ಪೆನಿಯಾಸಿ ಬಾಗಿಲು ತೆರೆದ. ಅಪ್ಪಲಸ್ವಾಮಿ ಮಡಿಸಿಕೊಟ್ಟ ಬೆರಳುಗಳು ಅಲ್ಲಿಗೆ ಬಿಚ್ಚಿಕೊಂಡವು.

ಮಾವ ಪದ್ಧತಿಯಂತೆ ಯಂಗೋನ ಬೇರಿನ ಕಟ್ಟನ್ನು ಮುಂದಿಟ್ಟರು. ಬೇರು ಕುಟ್ಟಿ ನೀರಲ್ಲಿ ಹಿಂಡಿ, ಮರದ ಬಟ್ಟಲಿನಲ್ಲಿ ಕಲಸಿದ್ದಾಯಿತು, ಚಿಪ್ಪಿನಲ್ಲಿ ಕುಡಿದದ್ದಾಯಿತು, ಚಪ್ಪಾಳೆ ತಟ್ಟಿದ್ದಾಯಿತು. ಆಮೇಲೆ ಮಾವ ಕಂಕುಳ ಚೀಲದಿಂದ ನಿಧಾನವಾಗಿ ಒಂದು ವಸ್ತು ತೆಗೆದರು. ಹಳೆಯದು, ಜೇನಿನ ಬಣ್ಣದ್ದು, ಎರಡು ಕಡೆ ದಾರ ಕಟ್ಟಿದ್ದು. ತಿಮಿಂಗಿಲದ ಹಲ್ಲು.

ಪೆನಿಯಾಸಿ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ಆ ಹಲ್ಲನ್ನು ಮುಂದೆ ಹಿಡಿದು ಏನು ಕೇಳಿದರೂ, ಎದುರಿನವನು ಅದನ್ನು ಕೈಗೆ ತೆಗೆದುಕೊಂಡನೋ, ಕೇಳಿದ್ದನ್ನು ಕೊಟ್ಟಂತೆಯೇ. ರಾಜನಾದರೂ ಅಷ್ಟೆ, ಮೀಟರು ಓದುವವನಾದರೂ ಅಷ್ಟೆ.

"ನಮ್ಮೂರ ದೋಣಿಯ ಇಂಜಿನ್ ಸತ್ತುಹೋಗಿದೆ," ಎಂದು ಮಾವ ಶುರುಮಾಡಿದರು. "ಮಕ್ಕಳು ಕೊಲ್ಲಿ ದಾಟಿ ಶಾಲೆಗೆ ಹೋಗಬೇಕು..."

"ಅಯ್ಯೋ, ಒಲೆ ಮೇಲೆ ಮರಗೆಣಸು!" ಎಂದು ಪೆನಿಯಾಸಿ ಎದ್ದು ಓಡಿದ.

ಅಲ್ಲಿಂದ ಮುಂದೆ ಪೆನಿಯಾಸಿಯ ಎರಡು ಕೈಗಳು ಖಾಲಿ ಇದ್ದದ್ದನ್ನು ಯಾರೂ ಕಾಣಲಿಲ್ಲ. ಮಾವ ಹಲ್ಲು ತೆಗೆದರೆ ಅವನ ಕೈಯಲ್ಲಿ ಪಾತ್ರೆ. ಮಾವ ಗಂಟಲು ಸರಿಮಾಡಿಕೊಂಡರೆ ಅವನ ಕೈಯಲ್ಲಿ ಪೊರಕೆ. ಕಚೇರಿಗೆ ಜ್ವರವೆಂದು ಹೇಳಿ ಕಳಿಸಿದ. ಮನೆ ಬಿಟ್ಟು ಹೋದರೆ ಇಂಜಿನ್ ಹಡಗು ಹತ್ತುತ್ತದೆಂಬ ಭಯ. ಕೊನೆಗೆ ನಂಟರ ಪೈಕಿ ಒಬ್ಬಳ ಹಾಲುಗೂಸನ್ನು ಎತ್ತಿಕೊಂಡವನು ಅದನ್ನು ಇಳಿಸಲೇ ಇಲ್ಲ.

"ನಮ್ಮ ಅಳಿಯನಿಗೆ ಮಕ್ಕಳು ಅಂದ್ರೆ ಎಷ್ಟು ಪ್ರೀತಿ ನೋಡ್ರೇ," ಎಂದು ಹೆಂಗಸರು ಕೊಂಡಾಡಿದರು.

ವಸಿತಿ ಅಡಿಗೆಮನೆಯ ಮೂಲೆಯಲ್ಲಿ ಹಿಡಿದು ನಿಲ್ಲಿಸಿದಳು. "ಹೇಳಿಬಿಡಿ. ಇದು ಮಾಸ್ಟ್ರ ಮನೆ ಅಂತ."

"ಮಾವನ ಮುಂದೆ ಹೇಗೆ ಹೇಳಲಿ? ಇಡೀ ಊರಿಗೆ ಫೋಟೋ ತೋರಿಸಿಕೊಂಡು ಬಂದಿದ್ದಾರೆ."

"ಮಾಸ್ಟ್ರು ಬಂದ ಮೇಲೆ ಅವರ ಮುಂದೆ ಹೇಗೆ ಹೇಳ್ತೀರಿ?"

"ಅದಕ್ಕೆ ಇನ್ನೂ ಟೈಮಿದೆ."

"ನಾನೇ ಹೇಳ್ತಿದ್ದೆ," ಎಂದಳು ವಸಿತಿ. "ಆದ್ರೆ ಸೊಸೆ ಬಾಯಿಂದ ಗಂಡನ ಮಾನ ಹೋಯ್ತು ಅನ್ನೋ ಮಾತು ನನಗೆ ಬೇಡ. ನಿಮ್ಮ ಮಾನ, ನೀವೇ ಕಳಕೊಳ್ಳಿ."

ಇಷ್ಟರಲ್ಲಿ ಎದುರುಮನೆಯ ಲೋಸನಾ ಅಜ್ಜಿ ತನ್ನ ಕಿಟಕಿಯಲ್ಲಿ ಬೀಡುಬಿಟ್ಟಿದ್ದಳು. ಆಕೆಗೆ ಕಣ್ಣು ಮಂಜು, ಆದರೆ ಬೇರೆಯವರ ಮನೆಯ ವಿಷಯದಲ್ಲಿ ದೃಷ್ಟಿ ಹದ್ದಿನದು. ಮಾಸ್ಟ್ರ ಹಗ್ಗದ ಮೇಲೆ ಅಪರಿಚಿತ ಸುಲು ಪಂಚೆಗಳು ಒಣಗುವುದನ್ನು ಕಂಡು ಮೊದಲು ಪೊಲೀಸಿಗೆ ಫೋನು ಮಾಡಿದಳು, ಆಮೇಲೆ ಆಕ್ಲೆಂಡಿಗೆ.

ಅದೇ ದಿನ, ಇನ್ನೂ ಐದು ಗಂಟೆಯಾಗುವ ಮುಂಚೆ, ಅನಾಹುತ ನಡೆಯಿತು. ಕೂಸು ತನ್ನ ಸಹಜ ಧರ್ಮವನ್ನು ಪಾಲಿಸಿ ಪೆನಿಯಾಸಿಯ ತೊಡೆಯನ್ನು ಒದ್ದೆ ಮಾಡಿತು. ಅವನು ಬೆಚ್ಚಿ ಅದನ್ನು ತಾಯಿಯ ಕೈಗೆ ಕೊಟ್ಟ. ಒಂದು ಕ್ಷಣ, ಒಂದೇ ಕ್ಷಣ, ಎರಡು ಕೈಗಳೂ ಗಾಳಿಯಲ್ಲಿ ಖಾಲಿ ಚಾಚಿಕೊಂಡಿದ್ದವು. ಮೀನಿಗಾಗಿ ಕಾದ ಕೊಕ್ಕರೆಯಂತೆ ಕೂತಿದ್ದ ಮಾವ ಹಲ್ಲನ್ನು ಆ ಕೈಗಳಲ್ಲಿ ಇಟ್ಟೇಬಿಟ್ಟರು.

"ಇಂಜಿನ್," ಎಂದರು. ಭಾಷಣಕ್ಕೆ ಸಮಯವಿರಲಿಲ್ಲ.

ನೆರೆದವರೆಲ್ಲ ಅಂಗೈ ಕುಳಿ ಮಾಡಿ ಗಂಭೀರವಾಗಿ ಚಪ್ಪಾಳೆ ತಟ್ಟಿದರು. ಅಪ್ಪಲಸ್ವಾಮಿಯವರ ನಿವೃತ್ತಿ ಜೀವನ ಕಡವು ದ್ವೀಪಕ್ಕೆ ಸಂದಾಯವಾಯಿತು. ಪೆನಿಯಾಸಿ ಇಂಗು ತಿಂದ ಮಂಗನಂತೆ ಹಲ್ಲು ಹಿಡಿದು ಕೂತ.

ಆ ಹೊತ್ತಿಗೆ ಸರಿಯಾಗಿ ಗೇಟಿನ ಮುಂದೆ ಒಂದು ಸಾಮಾನು ಗಾಡಿ ನಿಂತಿತು. ಇಬ್ಬರು ಯುವಕರು ಇಳಿದರು. ಒಬ್ಬ ಕಪ್ಪು ಕನ್ನಡಕದವನು. ಐದರವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ನಂಬಿ ಬಂದವರು ಇಷ್ಟು ಜನ ಕಂಡು ಗೇಟಿನಲ್ಲೇ ತಡವರಿಸಿದರು.

"ನಾವು... ಇಂಜಿನ್ ವಿಷಯವಾಗಿ..."

"ನಾವು ಮೊದಲು ಬಂದವರು," ಎಂದರು ಮಾವ. "ಇಂಜಿನ್ ಈಗ ನನ್ನದು. ಹಲ್ಲು ತಂದಿದ್ದೀರಾ?"

"ಯಾವ ಹಲ್ಲು?"

"ಹಲ್ಲಿಲ್ಲದೆ ಇಂಜಿನ್ ಕೇಳೋಕೆ ಬಂದ್ರಾ? ಈ ಕಾಲದ ಹುಡುಗರು! ಯಾವ ಊರಿನವರಪ್ಪ? ತಾಯಿ ಕಡೆಯವರೋ, ತಂದೆ ಕಡೆಯವರೋ? ಕೂತ್ಕೊಳ್ಳಿ, ಕೂತ್ಕೊಳ್ಳಿ."

"ನಾವು ಸರ್ವೀಸ್ ಮಾಡೋರು ಅಜ್ಜ. ಇಂಜಿನ್ ಒಂಚೂರು ತಗೊಂಡು ಹೋಗಿ..."

"ಕುಡಿದು ಹೋಗಿ."

ಹಿರಿಯರು ಚಿಪ್ಪು ಚಾಚಿದ ಮೇಲೆ ಕಳ್ಳನಾದರೂ ಕೂರಲೇಬೇಕು. ಅವರೂ ಒಬ್ಬ ತಾಯಿಯ ಮಕ್ಕಳೇ. ಸಂಸ್ಕಾರ ಎಲ್ಲಿಗೆ ಹೋಗುತ್ತದೆ? ಚಪ್ಪಾಳೆ ತಟ್ಟಿ ಕುಡಿದರು. ಮತ್ತೊಂದು ಚಿಪ್ಪು ಬಂತು. ಮಗದೊಂದು ಬಂತು. ಹಿರಿಯರು ಏಳದೆ ಕಿರಿಯರು ಏಳುವಂತಿಲ್ಲ. ತೊಮಾಸಿ ಮಾವ ಏಳುವ ಲಕ್ಷಣವಿರಲಿಲ್ಲ. ಯಂಗೋನ ಕುಡಿದು ಕುಡಿದು ನಾಲಿಗೆ ಮರಗಟ್ಟಿದ ಕನ್ನಡಕದವನು ತನ್ನ ಅಜ್ಜಿಯ ಊರು ಯಾವುದೆಂದು ನೆನಪು ಮಾಡಿಕೊಳ್ಳುತ್ತಿದ್ದಾಗ ಕಾನ್‌ಸ್ಟೇಬಲ್ ನಸೋನಿ ಬಂದ.

ನಸೋನಿ ತೊಮಾಸಿ ಮಾವನ ಮಗನೇ. ನೌಸೋರಿ ಠಾಣೆಯಲ್ಲಿ ಕೆಲಸ, ಪೊಲೀಸ್ ವಸತಿಯಲ್ಲಿ ವಾಸ. ಪೆನಿಯಾಸಿಗೆ ಭಾವ. ಭಾವ ಭಾವಂದಿರು ಸಿಕ್ಕಾಗ ಒಬ್ಬರನ್ನೊಬ್ಬರು ಆಡಿಕೊಳ್ಳದಿದ್ದರೆ ಇಬ್ಬರಲ್ಲಿ ಒಬ್ಬರಿಗೆ ಹುಷಾರಿಲ್ಲವೆಂದು ಅರ್ಥ.

"ಓಹೋ, ಜಮೀನ್ದಾರರು! ಮಾಸ್ಟ್ರ ಮನೆಗೆ ಯಾರೋ ನುಗ್ಗಿದ್ದಾರೆ ಅಂತ ದೂರು ಬಂದಿದೆ ಭಾವಯ್ಯಾ. ನುಗ್ಗಿದವರ ಮುಖಂಡ ನಮ್ಮಪ್ಪ ಅಂತ ದೂರಿನಲ್ಲಿ ಬರೆದಿರಲಿಲ್ಲ." ಅಷ್ಟರಲ್ಲಿ ಅವನ ಕಣ್ಣು ಕನ್ನಡಕದ ಮೇಲೆ ಬಿತ್ತು. "ಅರೆ, ನೀನಾ? ಹೊರಗೆ ಬಂದದ್ದು ಯಾವಾಗ? ನೀನೂ ನಮ್ಮ ನಂಟನೇ ಅಂತ ಗೊತ್ತಿದ್ರೆ ಒಳಗಿದ್ದಾಗ ಊಟ ತಂದುಕೊಡ್ತಿದ್ದೆ."

"ನಮ್ಮದೇನೂ ತಪ್ಪಿಲ್ಲ ಸಾರ್! ಇವರೇ ಕರೆದದ್ದು," ಎಂದು ಕನ್ನಡಕದವನು ಮರಗಟ್ಟಿದ ನಾಲಿಗೆಯಲ್ಲೇ ಗೋಗರೆದು ಮೊಬೈಲು ಮುಂದೆ ಮಾಡಿದ. "ನೋಡಿ, ಎಲ್ಲಾ ಬರೆದುಕೊಟ್ಟಿದ್ದಾರೆ!"

ನಸೋನಿ ಟೋಪಿ ಸರಿಮಾಡಿಕೊಂಡು, ನ್ಯಾಯಾಲಯದಲ್ಲಿ ಓದುವ ಧಾಟಿಯಲ್ಲಿ ಸಭೆಗೆ ಓದಿ ಹೇಳಿದ. "ಪ್ರಶ್ನೆ: ಎಷ್ಟು ಭಾರ? ಉತ್ತರ: ಇಬ್ಬರು ಎತ್ತಬಹುದು. ಪ್ರಶ್ನೆ: ಕಂಬಿ? ಉತ್ತರ: ಗಾಳಿ ಬರಲಿ ಅಂತ ಹಾಕಿಸಿಲ್ಲ." ಓದುವುದನ್ನು ನಿಲ್ಲಿಸಿ ತಲೆಯೆತ್ತಿದ. "ಭಾವಯ್ಯಾ, ಕಳ್ಳರಿಗೆ ಗಾಡಿ ಬಾಡಿಗೆ ಒಂದು ಕೊಡೋದು ಮರೆತಿದ್ದೀಯ."

ಹೆಂಗಸರು ಬಾಯಿಗೆ ಸೆರಗಿನಂತೆ ಚಾಪೆಯ ಅಂಚನ್ನೇ ಅಡ್ಡ ಹಿಡಿದು ನಕ್ಕರು.

"ಸರಿ, ಕಳ್ಳತನಕ್ಕೆ ಪ್ರಯತ್ನ ಅಂತ ಬರೀಬೇಕು. ಯಾರ ಸ್ವತ್ತು? ಇಂಜಿನ್ ಮಾಲೀಕರು ಯಾರು?"

ನಗು ನಿಂತಿತು. ಮಾವ ಅಳಿಯನನ್ನು ನೋಡಿದರು. ವಸಿತಿ ಗಂಡನನ್ನು ನೋಡಿದಳು. ನನ್ನದು ಎಂದರೆ ಇಂಜಿನ್ ಹಡಗಿಗೆ, ಮಾಸ್ಟ್ರ ಎದೆ ಒಡೆದ ಹಾಗೆ. ನನ್ನದಲ್ಲ ಎಂದರೆ ತನ್ನ ಮುಖವನ್ನು ಕಡವುವಿನಲ್ಲಿ ಇನ್ನೆಂದೂ ತೋರಿಸುವಂತಿಲ್ಲ. ಪೆನಿಯಾಸಿ ಹಲ್ಲನ್ನು ನೋಡಿದ. ಮಡಿಸಿಕೊಟ್ಟ ಬೆರಳುಗಳನ್ನು ನೋಡಿದ.

"ಮಾಸ್ಟ್ರದು," ಎಂದ. ಒಮ್ಮೆ ಕಟ್ಟೆ ಒಡೆದ ಮೇಲೆ ನೀರು ನಿಲ್ಲಲಿಲ್ಲ. "ಮನೆ ಅವರದು. ಇಂಜಿನ್ ಅವರದು. ಕುರ್ಚಿಯೂ ಅವರದೇ ಮಾವ. ಫೋಟೋದಲ್ಲಿ ಅಂಗಿ ಒಂದೇ ನನ್ನದು."

"ಅಂಗಿ ನನ್ನಪ್ಪಂದು," ಎಂದಳು ವಸಿತಿ.

ಮಾವ ಕುರ್ಚಿಯ ಕೈಯನ್ನು ಸವರಿದರು. "ಹಲ್ಲು ಕೈಗೆ ಬಂತು, ಚಪ್ಪಾಳೆ ಬಿತ್ತು," ಎಂದರು. "ಕೊಟ್ಟದ್ದು ಕೊಟ್ಟ ಹಾಗೆ. ಅದು ಯಾರದಾಗಿತ್ತು ಅನ್ನೋದು ನಿನಗೂ ನಿನ್ನ ಮಾಸ್ಟ್ರಿಗೂ ಸೇರಿದ್ದು. ಈಗ ನಮ್ಮೂರ ಮಕ್ಕಳದು."

"ಅಪ್ಪಾ, ಅದು ಕಾನೂನಲ್ಲಿ..." ಎಂದ ನಸೋನಿ.

"ನಿನ್ನ ಕಾನೂನಿಗೆ ಅನ್ನ ಹಾಕಿ ಬೆಳೆಸಿದ್ದು ನಾನು. ಕೂತ್ಕೋ."

ಕಾನೂನು ಕೂತಿತು.

ಆಗ ಗೇಟಿನಲ್ಲಿ ಲೋಸನಾ ಅಜ್ಜಿ ಕಂಡಳು, ಮೊಬೈಲನ್ನು ದೀಪದಂತೆ ಎದುರಿಗೆ ಹಿಡಿದುಕೊಂಡು. ಮೊಬೈಲಿನೊಳಗೆ ಅಪ್ಪಲಸ್ವಾಮಿ ಇದ್ದರು, ಮದುವೆಯ ಪೇಟ ಸಮೇತ. ಹಿಂದೆ ಓಲಗದ ಸದ್ದು. ಅಜ್ಜಿಯ ಕಿಟಕಿಯ ಮೂಲಕ ಅವರು ಅಷ್ಟನ್ನೂ ನೋಡಿ, ಕೇಳಿ ಆಗಿತ್ತು. ಪೆನಿಯಾಸಿ ಚಾಪೆಯೊಳಗೆ ಇಂಗಿಹೋಗಲು ಯತ್ನಿಸಿದ.

"ಮಾಸ್ಟ್ರೇ, ನಾನು..."

"ನಿನ್ನ ಹತ್ತಿರ ಆಮೇಲೆ ಮಾತಾಡ್ತೀನಿ," ಎಂದರು ಅಪ್ಪಲಸ್ವಾಮಿ, ಹೆಡ್‌ಮಾಸ್ಟರ ದನಿಯಲ್ಲಿ. ಆಮೇಲೆ ಪೇಟ ತೆಗೆದು ತಲೆಬಾಗಿಸಿ, ಹಳ್ಳಿಯ ಹಿರಿಯರ ಸಭೆಯಲ್ಲಿ ಆಡುವ ಭಾಷೆಯಲ್ಲಿ ನಿಧಾನವಾಗಿ ಶುರುಮಾಡಿದರು. "ಹಿರಿಯರೇ, ತಮ್ಮಲ್ಲಿ ಒಂದು ಬೇಡಿಕೆ. ನನಗೆ ವಯಸ್ಸಾಯ್ತು. ನದಿಯಲ್ಲಿ ಮೀನು ಹಿಡೀಬೇಕು ಅಂತ ಒಂದು ಆಸೆ. ತಮ್ಮ ಹತ್ತಿರ ಒಂದು ಒಳ್ಳೇ ಇಂಜಿನ್ ಇದೆ ಅಂತ ಕೇಳಿದೆ. ಅದು ನನಗೆ ಬೇಕು. ದೂರದಲ್ಲಿದ್ದೀನಿ, ಹಲ್ಲು ತಂದಿಲ್ಲ. ಬಾಯಲ್ಲಿರೋ ಹಲ್ಲೂ ಕಟ್ಟಿಸಿದ್ದೇ. ಬರಿಗೈಯಲ್ಲಿ ಕೇಳ್ತಾ ಇದ್ದೀನಿ."

ತೊಮಾಸಿ ಮಾವ ಮೊಬೈಲನ್ನು ದಿಟ್ಟಿಸಿದರು. ಇದ್ದವನನ್ನು ಇಲ್ಲದವನು ಕೇಳಿದ್ದ; ಹಾಗೆ ಕೇಳಿದರೆ ಕೊಡಲೇಬೇಕೆಂಬುದು ನಮ್ಮಲ್ಲಿಯ ಹಳೆಯ ಪದ್ಧತಿ. ಊರಿಗೆ ಊರೇ ಸಾಕ್ಷಿಯಾಗಿ ಕೂತಿತ್ತು. ಇಲ್ಲವೆನ್ನಲು ಮಾವನ ನಾಲಿಗೆಯಲ್ಲೂ ಮೂಳೆಯಿರಲಿಲ್ಲ. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು, ಆಮೇಲೆ ಕುರ್ಚಿ.

"ಎಲ್ಲಿ ಕಲಿತ್ರೀ ಮಾಸ್ಟ್ರೇ ಇದನ್ನ?"

"ನೌಸೋರಿಯಲ್ಲಿ ಹುಟ್ಟಿದವನು ಸ್ವಾಮಿ. ನಲವತ್ತು ವರ್ಷ ನನ್ನ ಹುಲ್ಲು ಕತ್ತರಿಸೋ ಯಂತ್ರ ಹೀಗೇ ಬೀದಿ ಸುತ್ತಿದೆ."

"ತಗೊಳ್ಳಿ," ಎಂದು ಮಾವ ಇಂಜಿನ್ ಕಡೆ ಕೈ ಬೀಸಿದರು. "ಕೊಟ್ಟೆ."

ಮತ್ತೆ ಚಪ್ಪಾಳೆ ಬಿತ್ತು. ಕಳ್ಳರೂ ತಟ್ಟಿದರು. ಅಪ್ಪಲಸ್ವಾಮಿಯವರ ಇಂಜಿನ್ ಇದ್ದ ಜಾಗದಿಂದ ಒಂದು ಅಂಗುಲವೂ ಅಲುಗದೆ ಮೂರು ಮಾಲೀಕರನ್ನು ಕಂಡು ಮೊದಲಿನವರಿಗೇ ಸೇರಿತು. ಪೆನಿಯಾಸಿ ನಿಟ್ಟುಸಿರು ಬಿಟ್ಟು ಮೆಲ್ಲಗೆ ಎದ್ದ.

"ಎಲ್ಲಿಗೋ?" ಎಂದರು ಮಾವ. "ನನ್ನ ಹಲ್ಲು ನಿನ್ನ ಕೈಯಲ್ಲೇ ಇದೆಯಲ್ಲ."

ಪೆನಿಯಾಸಿ ಹಲ್ಲನ್ನು ಚಾಚಿದ.

"ಹಿಂದಕ್ಕೆ ತಗೊಳ್ಳೋ ಪದ್ಧತಿ ಇಲ್ಲ. ಇಂಜಿನ್ ಹೋಯ್ತು. ಮಕ್ಕಳು ಕೊಲ್ಲಿ ದಾಟೋದು ಹೇಗೆ? ಇಂಜಿನ್ ಇಲ್ಲ ಅಂದ್ಮೇಲೆ ಹುಟ್ಟು ಹಾಕೋಕೆ ತೋಳಾದ್ರೂ ಬೇಕು." ಮಾವ ಅಳಿಯನನ್ನು ಸಂತೆಯಲ್ಲಿ ಹೋರಿ ನೋಡುವಂತೆ ಮೇಲಿಂದ ಕೆಳಗೆ ನೋಡಿದರು. "ವರ್ಷದ ರಜೆ ಇದೆಯಲ್ಲವಾ ನಿನಗೆ?"

ಹೀಗೆ ಪೆನಿಯಾಸಿ ಕಡವುವಿನ ಹಡಗು ಹತ್ತಿದ. ಕಳ್ಳರು ನಸೋನಿಯ ಜೊತೆ ಠಾಣೆಗೆ ಹೋದರು. ಮಾಸ್ಟ್ರ ಮನೆಯನ್ನು ಗುಡಿಸಿ, ಸಾರಿಸಿ, ಬೀಗ ಹಾಕಿ, ಕೀಲಿಯನ್ನು ಲೋಸನಾ ಅಜ್ಜಿಗೆ ಒಪ್ಪಿಸಿದ್ದಾಯಿತು. ಮಾವ ಅಳಿಯನ ಜೊತೆ ಹೋದರು. ಆದರೆ ಅಷ್ಟು ದೂರ ಬಂದವರು ಪಟ್ಟಣ ನೋಡದೆ ಹೋಗುವುದುಂಟೇ? ಉಳಿದ ನಂಟರು ಚಾಪೆ ಸುತ್ತಿಕೊಂಡು ವಸಿತಿಯ ಎರಡು ಕೋಣೆಯ ಮನೆಗೆ ಬಂದು, ಅಲ್ಲಿ ಬಿಚ್ಚಿದರು.

ಒಂದು ವಾರ ಕಳೆದ ಮೇಲೆ ನಸೋನಿ ರಜೆಯಲ್ಲಿ ಕಡವುವಿಗೆ ಹೋಗಿ, ಭಾವನ ಫೋಟೋ ತೆಗೆದು ಜಾಲತಾಣದಲ್ಲಿ ಹಾಕಿದ. ದೋಣಿ ತುಂಬ ಸಮವಸ್ತ್ರದ ಮಕ್ಕಳು, ನಡುವೆ ಬೆವರಿಳಿಸಿಕೊಂಡು ಹುಟ್ಟು ಹಾಕುತ್ತಿರುವ ಪೆನಿಯಾಸಿ. ಪೊಲೀಸಿನವನ ಬುದ್ಧಿವಂತಿಕೆಯಿಂದ ಕೆಳಗೆ ವಿವರವಾಗಿ ಬರೆದಿದ್ದ: "ನೌಸೋರಿಯ ನಮ್ಮ ಭಾವ. ತಿಂಗಳ ಕೊನೆಯವರೆಗೂ ಇಲ್ಲೇ." ಯಾರು ನೋಡಬಹುದು? ಎಲ್ಲರೂ. ವಿಲಿಯಾಮೆ ಈ ಸಲ ಒಡನೆಯೇ ಪ್ರತ್ಯಕ್ಷನಾಗಿ, ತೋಳುಗಳು ಚೆನ್ನಾಗಿ ಬಂದಿವೆ ಎಂದು ಬರೆದ. ಅವನ ಕೆಳಗೆ, ಮುಖವಿದ್ದ ಜಾಗದಲ್ಲಿ ಹೂವಿನ ಚಿತ್ರವಿದ್ದ ಯಾರೋ ಕೇಳಿದ್ದರು: "ಹಾಗಾದರೆ ನೌಸೋರಿಯ ಮನೆಯಲ್ಲಿ ಈಗ ಯಾರೂ ಇಲ್ಲವೇ?"

ವಸಿತಿ ಈವರೆಗೆ ಜಾಲತಾಣದಲ್ಲಿ ಒಂದಕ್ಷರ ಬರೆದವಳಲ್ಲ. ನಡುಮನೆಯಲ್ಲಿ ಮಲಗಿದ್ದವರನ್ನು ದಾಟಿ, ಅಡಿಗೆಮನೆಯಲ್ಲಿ ಕೂತಿದ್ದವರನ್ನು ಸರಿಸಿ, ಹಿಂಬಾಗಿಲ ಮೆಟ್ಟಿಲ ಮೇಲೆ ಹೇಗೋ ಒಂದು ಗೇಣು ಜಾಗ ಮಾಡಿಕೊಂಡು ಕೂತು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು:

"ಇದ್ದೇವೆ. ಹದಿನಾಲ್ಕು ಜನ. ಬರುವಾಗ ಮರಗೆಣಸು ತನ್ನಿ, ಮುಗಿದಿದೆ."